ಎರಡು ತೂಕದ ಯಂತ್ರ, ಒಂದು ಲಿನಕ್ಸ್: ಬೈ-ಐಡಿಯೋ, ಬೈ-ಪಾತೋ?

ಎರಡು ತೂಕದ ಯಂತ್ರಗಳನ್ನು ಯುಎಸ್‌ಬಿ-ಸೀರಿಯಲ್ ಕೇಬಲ್ಲುಗಳಿಂದ ಒಂದೇ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದರೆ, ಯಾವುದು ಯಾವ ಯಂತ್ರವೆಂದು ಬಿಲ್ಲಿಂಗ್ ಸಾಫ್ಟ್‌ವೇರಿಗೆ ತಿಳಿಯಬೇಕು. ಇಂಥ ಕೇಬಲ್ಲನ್ನು ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಕ್ಯಾರೆಕ್ಟರ್ ಡಿವೈಸ್ (ಅಕ್ಷರಗಳ ಹರಿವಾಗಿ ಓದಿ ಬರೆಯುವ ಸಾಧನ) ಸಾಲಿಗೆ ಸೇರಿಸುತ್ತದೆ. ಮೇಜರ್ ನಂಬರ್ 188 ಡ್ರೈವರ್ ಯಾವುದೆಂದು ಹೇಳುತ್ತದೆ, ಮೈನರ್ ನಂಬರ್ ಎಷ್ಟನೇ ಕೇಬಲ್ ಎಂದು. ಮೊದಲು ಕಂಡ ಕೇಬಲ್ಲಿನ ಹೆಸರು ಟಿಟಿವೈಯುಎಸ್‌ಬಿ0 (ttyUSB0), ಆಮೇಲಿನದು 1. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಕರೆಂಟ್ ಹೋಗಿ ಬಂದಾಗ ಈ ಸರದಿ ಅದಲುಬದಲಾದರೆ ತೊಗರಿಯ ತೂಕ ಬೇಳೆಯ ಲೆಕ್ಕಕ್ಕೆ ಬೀಳುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಆ ಹೆಸರು ಕೊಡಲೇಬೇಡಿ. ಸಾಧನಗಳ ಹೆಸರು ನೋಡಿಕೊಳ್ಳುವ ಲಿನಕ್ಸ್ ಸೇವೆ ಯುಡೆವ್ ಮಾಡಿಡುವ ಕೊಂಡಿ (ಅದೇ ಸಾಧನಕ್ಕೆ ಕರೆದೊಯ್ಯುವ ಇನ್ನೊಂದು ಹೆಸರು) ಕೊಡಿ. ಇಲ್ಲಿ ಬೇಕಾದವು ಎರಡು ಬಗೆ: ಬೈ-ಐಡಿ, ಬೈ-ಪಾತ್.

ಬೈ-ಐಡಿ ಕೊಂಡಿ ಕೇಬಲ್ಲಿನ ಸೀರಿಯಲ್ ನಂಬರನ್ನು ನಂಬುತ್ತದೆ. ಯಾವ ಪೋರ್ಟಿಗೆ ಚುಚ್ಚಿದರೂ ಹೆಸರು ಅದೇ. ಎಫ್‌ಟಿಡಿಐ ಚಿಪ್ಪಿನ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ನಂಬರ್ ಇರುತ್ತದೆ. ಅಗ್ಗದ ಸಿಎಚ್340ರಲ್ಲಿ ಹೆಚ್ಚಾಗಿ ಇರುವುದಿಲ್ಲ. ಅಂಥ ಎರಡು ಹಾಕಿದರೆ ಎರಡಕ್ಕೂ ಒಂದೇ ಹೆಸರು, ಕೊಂಡಿ ಮಾತ್ರ ಯಾವುದೋ ಒಂದರ ಪಾಲು. ಕೊಳ್ಳುವ ಮೊದಲೇ ಕೇಬಲ್ ಚುಚ್ಚಿ ಯುಡೆವ್‌ಎಡಿಎಂ ಇನ್ಫೋ (udevadm info) ಆಜ್ಞೆ ಓಡಿಸಿ, ಸೀರಿಯಲ್ ನಂಬರ್ ತೋರಿಸುವ ಐಡಿ_ಸೀರಿಯಲ್_ಶಾರ್ಟ್ (ID_SERIAL_SHORT) ಸಾಲು ಇದೆಯೇ ನೋಡಿ.

ಸಾಲು ಇಲ್ಲದಿದ್ದರೆ ಬೈ-ಪಾತ್. ಇದು ಪೋರ್ಟನ್ನು ಗುರುತಿಸುತ್ತದೆ, ಕೇಬಲ್ಲನ್ನಲ್ಲ. ಕಸ ಗುಡಿಸುವವರು ಕಿತ್ತು ಖಾಲಿ ಪೋರ್ಟಿಗೆ ಹಾಕಿದರೆ ಯಂತ್ರ ಸಿಗುವುದಿಲ್ಲ, ತಪ್ಪು ತೂಕ ಬರುವುದಕ್ಕಿಂತ ಅದೇ ವಾಸಿ. ಎರಡನ್ನೂ ಅದಲುಬದಲು ಮಾಡಿದರೆ ಮಾತ್ರ ಹಳೇ ಗೋಳು, ಆದ್ದರಿಂದ ಪೋರ್ಟಿಗೂ ಕೇಬಲ್ಲಿಗೂ ಒಂದೇ ಬಣ್ಣದ ಟೇಪ್ ಅಂಟಿಸಿ.