ಬೆರಳು ‘ಹತ್ತವಲ್ದು’ ಅಂದ್ರೆ ಅಲ್ಲೇ ಕೈ ಹಿಂದಕ್ಕೆ ತಗೊಳ್ಳಿ

ಕಲಬುರಗಿಯವರು, ಆಳಂದ, ಸೇಡಂ, ಜೇವರ್ಗಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೂ ಓದಿ ಹೇಳಿ. ನಮ್ಮ ಅವ್ವನ ಖಾತೆಯಿಂದ 20,000 ರೂಪಾಯಿ ಹೋಗಿದೆ. ಒಟಿಪಿ ಯಾರಿಗೂ ಕೊಟ್ಟಿಲ್ಲ. ಯಾವ ಲಿಂಕೂ ಒತ್ತಿಲ್ಲ. ಅವ್ವನ ಹತ್ತಿರ ಎಟಿಎಂ ಕಾರ್ಡೇ ಇಲ್ಲ. ರೊಕ್ಕ ಹೋಗಿದ್ದು ಅವಳ ಹೆಬ್ಬೆರಳಿನಿಂದ, ಅವಳ ಕಣ್ಣೆದುರಿಗೇ. ನಾನೂ ಪಕ್ಕದಲ್ಲೇ ನಿಂತಿದ್ದೆ. ಅದನ್ನ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಒಂದು ಅಂಗಡಿ. ಝೆರಾಕ್ಸ್, ರೀಚಾರ್ಜ್, ಅರ್ಜಿ ಹಾಕೋದು, ಆಧಾರ್ ಮೇಲೆ ರೊಕ್ಕ ತೆಗೆದುಕೊಡೋದು ಎಲ್ಲಾ ಅಲ್ಲೇ. ಬ್ಯಾಂಕಿನಲ್ಲಿ ಪಾಳಿ ನಿಲ್ಲೋದು ತಪ್ಪುತ್ತದೆ ಅಂತ ನಮ್ಮ ಓಣಿಯ ಹೆಣ್ಣುಮಕ್ಕಳು ಅಲ್ಲಿಗೇ ಹೋಗುತ್ತಾರೆ. ಅವ್ವ ಹೋಗಿದ್ದು ಗೃಹಲಕ್ಷ್ಮಿಯ 2,000 ತೆಗೆಯೋದಕ್ಕೆ. ಖಾತೆಯಲ್ಲಿ ತೊಗರಿ ಮಾರಿದ ರೊಕ್ಕವೂ ಇತ್ತು.

ಹುಡುಗ ಯಾವ ಬ್ಯಾಂಕ್ ಅಂತ ಕೇಳಿದ. ಆಧಾರ್ ನಂಬರನ್ನ ರಿಜಿಸ್ಟರಿನಲ್ಲಿ ಬರೆದುಕೊಂಡ. ಕಾರ್ಡಿನ ಫೋಟೋನೂ ತನ್ನ ಫೋನಿನಲ್ಲಿ ತೆಗೆದುಕೊಂಡ. ಆಮೇಲೆ ಆ ಕೆಂಪು ಲೈಟಿನ ಡಬ್ಬಿ ಮೇಲೆ ಬೆರಳಿಡಿಸಿದ.

“ಹತ್ತವಲ್ದು ಯವ್ವಾ, ಇನ್ನೊಂದ್ ಸಲ ಇಡ್ರಿ.”

ಒದ್ದೆ ಬಟ್ಟೆಯಿಂದ ಅವ್ವನ ಹೆಬ್ಬೆರಳು ಒರೆಸಿದ. ತಾನೇ ಹಿಡಿದು ಒತ್ತಿದ. “ಸರ್ವರ್ ಡೌನ್ ಅದ.” ಮತ್ತೆ ಒರೆಸಿದ, ಮತ್ತೆ ಒತ್ತಿದ. ಫೋನಿನ ಸ್ಕ್ರೀನ್ ಪೂರ್ತಿ ಅವನ ಕಡೆಗೇ ಇತ್ತು. ಹೊಲದಲ್ಲಿ ದುಡಿದ ಕೈ, ರೇಷನ್ ಅಂಗಡಿಯಲ್ಲೂ ಅವ್ವನ ಬೆರಳು ಸುಲಭಕ್ಕೆ ಹತ್ತೋದಿಲ್ಲ. ಆ ಹುಡುಗನಿಗೂ ಅದು ಚೆನ್ನಾಗಿ ಗೊತ್ತು, ಅಲ್ವಾ? ಕೊನೆಗೆ “ಈಗ ಹತ್ತಿತು ನೋಡ್ರಿ” ಅಂತ ಐನೂರರ ನಾಲ್ಕು ನೋಟು ಎಣಿಸಿ ಕೈಗಿಟ್ಟ. ಚೀಟಿ ಕೇಳಿದರೆ “ರೋಲ್ ಮುಗಿದದ ಅಕ್ಕಾ” ಅಂದ.

ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನ ಗೊತ್ತಾಯಿತು. ಅದೇ ತಾರೀಖಿನಲ್ಲಿ 10,000, ಮತ್ತೊಂದು 10,000, ಕೆಳಗೆ 2,000. ಮೂರಕ್ಕೂ ಮುಂದೆ ಎಇಪಿಎಸ್ ಅಂತ. ಅಂದರೆ ಆಧಾರ್ ಮೇಲಿನ ವ್ಯವಹಾರ. ಇದಕ್ಕೆ ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು ಇದ್ದರೆ ಸಾಕು. ಒಂದು ಸಲಕ್ಕೆ 10,000ದ ತನಕ ಬರುತ್ತದೆ. ಬ್ಯಾಂಕಿನ ಮೆಸೇಜ್ ಹೋಗಿದ್ದು ತೀರಿಕೊಂಡ ಅಪ್ಪನ ಹಳೇ ನಂಬರಿಗೆ. ಆ ಸಿಮ್ ಬಂದಾಗಿ ಎಷ್ಟೋ ಕಾಲ ಆಗಿದೆ.

ಅಂಗಡಿಗೆ ಹೋದೆ. ಹುಡುಗ ಮುಖವನ್ನೇ ನೋಡಲಿಲ್ಲ. ಮಾಲೀಕ ಮಾತಾಡಿದ.

“ಫೇಲ್ ಆಗ್ಯಾವ ಮೇಡಂ ಅವು. ರೊಕ್ಕ ವಾಪಸ್ ಬರ್ತದ, ಸ್ವಲ್ಪ ದಿನ ತಡೀರಿ.”

ಆಧಾರ್ ಅವ್ವನದಾದರೂ ಅದಕ್ಕೆ ನನ್ನ ಫೋನ್ ನಂಬರ್ ಜೋಡಿಸಿದ್ದೇವೆ. ಹಾಗಾಗಿ ಆಧಾರ್ ವೆಬ್‌ಸೈಟಿನಲ್ಲಿ ದೃಢೀಕರಣದ ಇತಿಹಾಸ ತೆಗೆದೆ. ಹಿಂದಿನ ಆರು ತಿಂಗಳಲ್ಲಿ ಆ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ತಾರೀಖು, ಗಂಟೆ, ನಿಮಿಷದ ಸಮೇತ ಬರುತ್ತದೆ. ಆ ದಿನದ ಸಾಲುಗಳು ಅಲ್ಲೇ ಇದ್ದವು. ಬೆರಳಚ್ಚು, ಸಕ್ಸೆಸ್. ಬೆರಳಚ್ಚು, ಸಕ್ಸೆಸ್. ಬೆರಳಚ್ಚು, ಸಕ್ಸೆಸ್. ಅವನು “ಹತ್ತವಲ್ದು” ಅಂತಿದ್ದಾಗ ಬೆರಳು ಹತ್ತಿತ್ತು! ಒದ್ದೆ ಬಟ್ಟೆಯಿಂದ ಅಷ್ಟು ಕಾಳಜಿಯಿಂದ ಒರೆಸಿದ್ದು ಇದಕ್ಕೇನಾ?

ಅದನ್ನ ತೋರಿಸಿದೆ. ಮಾಲೀಕನ ಮಾತು ಅಲ್ಲೇ ಬದಲಾಯಿತು. “ಹಂಗಾದ್ರ ನಿಮ್ಮವ್ವನೇ ತಗೊಂಡಾಳ. ಮಷೀನ್ ಸುಳ್ಳ್ ಹೇಳ್ತದೇನ್ರಿ?” ಸುತ್ತ ಜನ ನಿಂತಿದ್ದರು. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು “ನಡಿ, ಮನಿಗಿ ಹೋಗೂಣು” ಅಂದಳು. ಕದ್ದವನು ಕುರ್ಚಿಯಲ್ಲಿ ಕೂತಿದ್ದ. ತಲೆ ತಗ್ಗಿಸಿ ನಿಂತವಳು ನನ್ನ ಅವ್ವ.

ಬ್ಯಾಂಕಿನವರದು ಇನ್ನೊಂದು ಥರ. “ಬೆರಳು ಅವರದ್ದೇ ಅಲ್ವಾ ಮೇಡಂ? ಹಾಗಾದ್ರೆ ಅವರೇ ತೆಗೆದ ಹಾಗೆ.” ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರತಿ ಒಯ್ದಿದ್ದೆ. ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿನದ್ದು ಅಂತ ಅದರಲ್ಲಿದೆ. ಬ್ಯಾಂಕಿನ ಮೆಸೇಜ್ ಬಂದ ಮೇಲೆ ಮೂರು ಕೆಲಸದ ದಿನದ ಒಳಗೆ ತಿಳಿಸಬೇಕು ಅಂತಲೂ ಇದೆ. ಮೆಸೇಜೇ ನಮ್ಮ ಕೈಗೆ ಬಂದಿಲ್ಲ ಅಂದೆ. “ನೋಡೋಣ, ಬರೆದುಕೊಡಿ” ಅಂದರು. ಬರೆದುಕೊಟ್ಟು ಸೀಲ್ ಹಾಕಿಸಿಕೊಂಡೆ. ಸೀಲ್ ಇಲ್ಲದೆ ಬ್ಯಾಂಕಿನಿಂದ ಎದ್ದು ಬರಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಹಾಕಬಹುದು. ವಿಚಾರಿಸೋದಕ್ಕೆ 14448 ಇದೆ.

ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿದ್ದೇವೆ. ಇದಕ್ಕೆ ಬೇಗ ಮಾಡಿದಷ್ಟು ಒಳ್ಳೇದು. ರೊಕ್ಕ ಇನ್ನೊಂದು ಖಾತೆಯಲ್ಲಿ ಕೂತಿದ್ದರೆ ತಡೆಹಿಡಿಯುತ್ತಾರೆ, ತಡವಾದರೆ ಅಲ್ಲಿಂದಲೂ ಹೋಗಿಬಿಟ್ಟಿರುತ್ತದೆ.

ಈಗ ಅವ್ವನ ಬೆರಳಚ್ಚನ್ನ ಲಾಕ್ ಮಾಡಿದ್ದೇನೆ. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ. ಅದು ಇದ್ದರೆ ಯಾವ ಡಬ್ಬಿ ಮೇಲೆ ಬೆರಳಿಟ್ಟರೂ ಕೆಲಸ ಆಗೋದಿಲ್ಲ. ರೇಷನ್‌ಗೆ ಹೋಗುವಾಗ ಸ್ವಲ್ಪ ಹೊತ್ತು ತೆರೆದು ಕೊಡುತ್ತೇನೆ. ಅಂಗಡಿಗೆ ಹೋಗದವರಿಗೂ ಇದು ಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ ರೊಕ್ಕ ತೆಗೆದ ಪ್ರಕರಣಗಳು ಬಂದಿದ್ದವು. ಪಿನ್ ಆದರೆ ಬದಲಾಯಿಸಬಹುದು, ಬೆರಳನ್ನ ಹೇಗೆ ಬದಲಾಯಿಸೋದು?

ಝೆರಾಕ್ಸ್ ಕೊಡೋ ಕಡೆಗೆ ಮಾಸ್ಕ್ ಮಾಡಿದ ಆಧಾರ್ ಕೊಡಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಕಾರ್ಡಿನ ಫೋಟೋ ತೆಗೆಯೋದಕ್ಕೆ ಬಿಡಲೇಬೇಡಿ. ಬ್ಯಾಂಕಿನಲ್ಲಿ ಯಾರ ನಂಬರ್ ಇದೆ ಅಂತ ಇವತ್ತೇ ನೋಡಿ. ಚೀಟಿ ಇಲ್ಲ ಅಂದವನ ಹತ್ತಿರ ಬೆರಳಿಡಬೇಡಿ. ಎರಡನೇ ಸಲ ಇಡಿ ಅಂದರೆ ಸ್ಕ್ರೀನ್ ತಿರುಗಿಸು ಅನ್ನಿ, ತಿರುಗಿಸದಿದ್ದರೆ ಎದ್ದು ಬನ್ನಿ.

ದೂರು ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಹಾಕುತ್ತಿಲ್ಲ. ಸೂಪರ್ ಮಾರ್ಕೆಟ್ ಸುತ್ತಮುತ್ತ ಆಧಾರ್ ಮೇಲೆ ರೊಕ್ಕ ತೆಗೆಸಿದವರು ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಒಂದೇ ತಾರೀಖಿಗೆ ನೀವು ತೆಗೆಯದ ಮೊತ್ತ ಕಂಡರೆ ನೀವೂ ದೂರು ಕೊಡಿ. ನನ್ನ ಅವ್ವ ಒಬ್ಬಳೇ ಇದ್ದರೆ “ಅವಳೇ ತಗೊಂಡಾಳ” ಅಂತಾರೆ. ಹತ್ತು ಜನ ಅವ್ವಂದಿರು ಒಟ್ಟಿಗೆ ಬಂದರೆ ಅದೇ ಮಾತನ್ನ ಹೇಳಲಿ, ನೋಡೋಣ.