ಡಿಎನ್‌ಎ ನಕಲಿನ ಮಾದರಿ ಕಿಟ್: ಕವಲು ಅಚ್ಚುಕಟ್ಟು, ತುದಿಗೆ ಮಾತ್ರ ಮುಚ್ಚಳ

ಶಿಡ್ಲಘಟ್ಟದಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನು ಜುಲೈ ತಿಂಗಳಲ್ಲಿ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಅಂಗಡಿಯೊಂದರಿಂದ ಈ ಪ್ಲಾಸ್ಟಿಕ್ ಕಿಟ್ಟನ್ನು 1,450 ರೂಪಾಯಿ ಕೊಟ್ಟು ತಂದೆ. ಎರಡು ಬಾಗುವ ಪಟ್ಟಿ, ನಾಲ್ಕು ಬಣ್ಣಗಳಲ್ಲಿ ಬಣ್ಣಕ್ಕೆ ಹನ್ನೆರಡರಂತೆ ಪ್ರತ್ಯಾಮ್ಲದ (ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳ) ತುಂಡುಗಳು, ಹೊಸ ಎಳೆಗೆ ಬೇಕಾದ ಅಷ್ಟೇ ತುಂಡುಗಳ ಇನ್ನೊಂದು ಪೊಟ್ಟಣ, ಎಳೆಗಳನ್ನು ಬಿಚ್ಚುವ ಕಿಣ್ವವಾದ ಹಳದಿ ಹೆಲಿಕೇಸ್, ಹೊಸ ಎಳೆ ಕಟ್ಟುವ ಹಸಿರು ಪಾಲಿಮರೇಸ್, ನಕಲು ಆರಂಭಿಸಲು ಇಟ್ಟು ಆಮೇಲೆ ಕೀಳುವ ಗಿಡ್ಡ ತುಂಡುಗಳಾದ ಕೆಂಪು ಪ್ರೈಮರ್‌ಗಳು, ತುಂಡುಗಳನ್ನು ಬೆಸೆಯುವ ಲೈಗೇಸ್ ಎಂದು ಬರೆದ ನೀಲಿ ಗುಂಡಿಗಳು: ಡಬ್ಬಿಯಲ್ಲಿ ಇರುವುದು ಇಷ್ಟು. ಮೂರು ತರಗತಿಗಳಲ್ಲಿ ಬಳಸಿದ ನಂತರ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದ ಭಾಗ. ಹಸಿರು ಪಾಲಿಮರೇಸ್‌ನ ಅಡಿಯಲ್ಲಿ ಓರೆಯಾದ ಹಲ್ಲುಗಳಿದ್ದು, ಅದು ಪಟ್ಟಿಯ ಮೇಲೆ ಒಂದೇ ದಿಕ್ಕಿಗೆ ಸರಿಯುತ್ತದೆ. ಹಿಂದಕ್ಕೆ ತಳ್ಳಿದರೆ ಟಕ್ಕೆಂದು ಕಚ್ಚಿಕೊಂಡು ನಿಲ್ಲುತ್ತದೆ. ಕೆಂಪು ಪ್ರೈಮರ್ ಇಲ್ಲದ ಕಡೆ ಅದು ಕೂರುವುದೇ ಇಲ್ಲ. ಹೊಸ ಎಳೆ 5' ಎಂಬ ತುದಿಯಿಂದ 3' ಎಂಬ ತುದಿಯ ಕಡೆಗೆ ಮಾತ್ರ ಬೆಳೆಯುತ್ತದೆ, ಪಾಲಿಮರೇಸ್ ಬರಿಗೈಯಲ್ಲಿ ಆರಂಭಿಸಲಾರದು ಎಂದು ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಬಾಣ ಬರೆದು ಹೇಳುತ್ತಿದ್ದ ಎರಡು ನಿಯಮಗಳು ಮಕ್ಕಳ ಬೆರಳಿಗೇ ತಿಳಿದುಬಿಡುತ್ತವೆ. ಒಂದು ಎಳೆಯ ನಕಲು ಸಲೀಸಾಗಿ ಮುಗಿದರೆ, ವಿರುದ್ಧ ದಿಕ್ಕಿಗೆ ಸಾಗುವ ಎದುರು ಎಳೆಯಲ್ಲಿ ಕವಲು (ಎರಡು ಎಳೆಗಳು ಬೇರೆಯಾಗುವ ಜಾಗ) ತೆರೆದಂತೆಲ್ಲ ಹೊಸ ಪ್ರೈಮರ್ ಇಟ್ಟು ತುಂಡುತುಂಡಾಗಿ ಕಟ್ಟಬೇಕಾಗುತ್ತದೆ. 1968ರಲ್ಲಿ ರೇಜಿ ಮತ್ತು ಸುನೆಕೊ ಒಕಾಜಾಕಿ ದಂಪತಿ ತೋರಿಸಿಕೊಟ್ಟ ತುಂಡುಗಳೇ ಇವು. ಬ್ಯಾಕ್ಟೀರಿಯಾದಲ್ಲಿ ಸಾವಿರದಿಂದ ಎರಡು ಸಾವಿರ, ನಮ್ಮ ಜೀವಕೋಶಗಳಲ್ಲಿ ನೂರರಿಂದ ಇನ್ನೂರು ಅಕ್ಷರಗಳ ಉದ್ದವಿರುವ ಈ ತುಂಡುಗಳು ಕಿಟ್ಟಿನಲ್ಲಿ ಆರೇ ಅಕ್ಷರಕ್ಕೆ ಇಳಿದಿವೆ. ಅದಕ್ಕೆ ನನ್ನ ತಕರಾರಿಲ್ಲ.

ಕವಲನ್ನು ಬಿಚ್ಚುತ್ತ ಹೋದಂತೆ ಮುಂದಿನ ಭಾಗದಲ್ಲಿ ಹುರಿ ಏರಿ ಪಟ್ಟಿ ಮುರುಟಿಕೊಳ್ಳುವುದನ್ನು ತಯಾರಕರು ಗಮನಿಸಿದಂತಿಲ್ಲ. ಜೀವಕೋಶದಲ್ಲಿ ಎಳೆಯನ್ನು ಕತ್ತರಿಸಿ, ಹುರಿ ಇಳಿಸಿ, ಮತ್ತೆ ಬೆಸೆಯುವ ಟೋಪೊಐಸೋಮರೇಸ್ ಎಂಬ ಕಿಣ್ವವಿದೆ, ಡಬ್ಬಿಯಲ್ಲಿ ಅದಿಲ್ಲ. ಮನೆಯಲ್ಲೇ ರೇಷ್ಮೆ ಟ್ವಿಸ್ಟಿಂಗ್ ಯಂತ್ರವಿರುವ ಹುಡುಗಿಯೊಬ್ಬಳು ಪಟ್ಟಿಯನ್ನು ನೋಡಿದೊಡನೆ, "ಹುರಿ ಜಾಸ್ತಿಯಾಗಿದೆ ಸಾರ್, ಒಂದು ಕಡೆ ಬಿಡಿ" ಎಂದಳು. ಪಾಠ ಅಲ್ಲಿಗೆ ಮುಗಿಯಿತು.

ನನ್ನ ನಿಜವಾದ ದೂರು ಇರುವುದು ತುದಿಯ ಬಗ್ಗೆ. ಪಟ್ಟಿಯ ಎರಡೂ ಕೊನೆಗಳಿಗೆ ಕಪ್ಪು ಮುಚ್ಚಳ ಹಾಕಲಾಗಿದ್ದು, ಅವನ್ನು ತೆಗೆಯಬಾರದೆಂದು ಕೈಪಿಡಿ ಹೇಳುತ್ತದೆ. ನಾನು ತೆಗೆದೆ. ನಡುವಿನ ಕೆಂಪು ಪ್ರೈಮರ್ ಕಿತ್ತಾಗ ಹಿಂದಿನ ತುಂಡಿನ 3' ತುದಿಯಿಂದ ಪಾಲಿಮರೇಸ್ ಸಾಗಿ ಆ ಖಾಲಿ ಜಾಗವನ್ನು ತುಂಬುತ್ತದೆ, ನೀಲಿ ಗುಂಡಿ ಬೆಸೆಯುತ್ತದೆ. ಕಟ್ಟಕಡೆಯ ಪ್ರೈಮರ್ ಕಿತ್ತಾಗ ಅದರ ಹಿಂದೆ ತುಂಡೇ ಇಲ್ಲ. ಆದ್ದರಿಂದ ಹೊಸ ಎಳೆ ಅಷ್ಟು ಗಿಡ್ಡವಾಗಿಯೇ ಉಳಿಯುತ್ತದೆ. 1971ರಲ್ಲಿ ರಷ್ಯಾದ ಅಲೆಕ್ಸಿ ಒಲೊವ್ನಿಕೊವ್, 1972ರಲ್ಲಿ ಜೇಮ್ಸ್ ವಾಟ್ಸನ್ ಬೇರೆ ಬೇರೆಯಾಗಿ ಎತ್ತಿದ ಪ್ರಶ್ನೆ ಇದೇ. ಬ್ಯಾಕ್ಟೀರಿಯಾದ ಡಿಎನ್‌ಎ ಸಾಮಾನ್ಯವಾಗಿ ಬಳೆಯಂತಿರುವುದರಿಂದ ಅದಕ್ಕೆ ಈ ಚಿಂತೆಯಿಲ್ಲ. ಇಷ್ಟು ಸೊಗಸಾದ ಪ್ರಶ್ನೆಯನ್ನು ತಾನೇ ಹುಟ್ಟಿಸುವ ಕಿಟ್ಟಿನ ಮೇಲೆ ಎರಡು ಮುಚ್ಚಳ ಜಡಿದವರ ಉದ್ದೇಶ ನನಗೆ ಅರ್ಥವಾಗಲಿಲ್ಲ.

ಉಳಿದದ್ದನ್ನು ನಾವೇ ಮಾಡಿಕೊಂಡೆವು. ಮಾನವ ವರ್ಣತಂತುಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರ ಸಾವಿರಾರು ಸಲ ಮರುಕಳಿಸುತ್ತದೆ. ಸವೆಯುವುದು ಅರ್ಥವುಳ್ಳ ಜೀನ್ ಅಲ್ಲ, ಈ ಟೆಲೊಮಿಯರ್. ರೇಷ್ಮೆ ಹುಳುವಿನಲ್ಲಿ ಒಂದು ಜಿ ಕಡಿಮೆ: ಟಿಟಿಎಜಿಜಿ. ಜಪಾನಿನ ಸಂಶೋಧಕರು ಇದನ್ನು 1993ರಲ್ಲಿ ಪ್ರಕಟಿಸಿದರು ಎಂದಾಗ, ಮನೆಯಲ್ಲಿ ಗೂಡು ಬಿಚ್ಚುವವರ ಮಕ್ಕಳು ಬೆಂಚಿನಿಂದ ಮುಂದಕ್ಕೆ ಬಾಗಿದರು. ಸವೆದ ತುದಿಯನ್ನು ಬೆಳೆಸುವ ಟೆಲೊಮರೇಸ್‌ಗೆ ಬೆಂಕಿಪೊಟ್ಟಣವೊಂದನ್ನು ಹಿಡಿದೆವು. ಆ ಕಿಣ್ವ ತನ್ನೊಳಗೇ ಆರ್‌ಎನ್‌ಎ ಅಚ್ಚನ್ನು ಹೊತ್ತಿರುತ್ತದೆ. ಮಾನವನಲ್ಲಿ ಅಚ್ಚಿನ ಭಾಗ ಹನ್ನೊಂದು ಅಕ್ಷರ. ಅಷ್ಟುದ್ದದ ಕಾಗದದ ಪಟ್ಟಿಯನ್ನು ಪೊಟ್ಟಣದೊಳಗೆ ಅಂಟಿಸಿ, ಚಾಚಿಕೊಂಡಿದ್ದ ಹಳೆಯ ಎಳೆಯ 3' ತುದಿಗೆ ಆರಾರು ಅಕ್ಷರ ಸೇರಿಸುತ್ತ ಹೋದೆವು. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರೊಲ್ ಗ್ರೈಡರ್ ಈ ಕಿಣ್ವದ ಸುಳಿವನ್ನು 1984ರ ಕ್ರಿಸ್‌ಮಸ್ ದಿನ ಕಂಡದ್ದು ಟೆಟ್ರಾಹೈಮಿನ ಎಂಬ ಕೆರೆನೀರಿನ ಏಕಕೋಶ ಜೀವಿಯಲ್ಲಿ. 2009ರ ನೊಬೆಲ್ ಅವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್‌ಗೂ ಸಂದಿತು.

ಟೆಲೊಮರೇಸ್ ಬಗ್ಗೆ ಕೈಪಿಡಿಯಲ್ಲಿರುವುದು ಒಂದೇ ಸಾಲು, ಅದೂ ತಪ್ಪು. ದೇಹದ ಎಲ್ಲ ಜೀವಕೋಶಗಳಲ್ಲೂ ಅದು ಸಕ್ರಿಯವೆಂದು ಬರೆದಿದ್ದಾರೆ. ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳಲ್ಲೂ ಕಾಂಡಕೋಶಗಳಲ್ಲೂ ಅದು ಕೆಲಸ ಮಾಡುತ್ತದೆ, ಬಹುಪಾಲು ದೇಹಕೋಶಗಳಲ್ಲಿ ಅಡಗಿರುತ್ತದೆ, ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಮತ್ತೆ ಎಚ್ಚರಗೊಳ್ಳುತ್ತದೆ. ಪರೀಕ್ಷೆಗೆ ಓದುವ ಮಗು ಆ ಸಾಲನ್ನು ನಂಬಿ ಬರೆದರೆ ಅಂಕ ಹೋಗುತ್ತದೆ.

ಕವಲಿನ ಪಾಠಕ್ಕಾಗಿ ಈ ಕಿಟ್ಟನ್ನು ಕೊಳ್ಳಬಹುದು, ಬೆಲೆ ಹೆಚ್ಚಲ್ಲ. ಆದರೆ ತುದಿಯ ಪಾಠಕ್ಕೆ ಜಿ ತುಂಡುಗಳು ಸಾಲುವುದಿಲ್ಲ. ಮೂರು ಪುನರಾವರ್ತನೆಗೇ ಒಂಬತ್ತು ಬೇಕು. ಬಿಡಿ ತುಂಡು ಸಿಗುತ್ತದೆಯೇ ಎಂದು ಅಂಗಡಿಯವರನ್ನು ವಿಚಾರಿಸಿದರೆ, ಇನ್ನೊಂದು ಇಡೀ ಡಬ್ಬಿ ತೆಗೆದುಕೊಳ್ಳಿ ಎಂದರು. ಸದ್ಯ ನಮ್ಮ ಜಿಗಳೆಲ್ಲ ಹಳೆಯ ಮದುವೆ ಪತ್ರಿಕೆಯ ರಟ್ಟಿನವು.