ನಾಲ್ಕು ಮಳೆಗಾಲ ದಾಟಿದ ಮೇಲೆ ನನ್ನ ಕ್ಲಾಸಿನಲ್ಲಿ ಉಳಿದ ಎರಡು ಆ್ಯಪ್: ಪ್ಲಿಕರ್ಸ್ ಮತ್ತು ಫೆಟ್

ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮ. ಮಳೆ ಹಿಡಿಯಿತೆಂದರೆ ಮೊದಲು ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಮಕ್ಕಳಲ್ಲಿ ಜಾಸ್ತಿ ಜನ ತೋಟದ ಲೈನ್ ಮನೆಗಳಿಂದ ಬರುವವರು. ಮನೆಗೊಂದು ಫೋನ್, ಅದೂ ಅಪ್ಪನ ಜೊತೆ ಬೆಳಿಗ್ಗೆಯೇ ತೋಟಕ್ಕೆ ಹೋಗಿರುತ್ತದೆ. ಹಾಗಾಗಿ ಯಾವ ಆ್ಯಪ್ ನೋಡಿದರೂ ನಾನು ಅದನ್ನು ಜುಲೈ ತಿಂಗಳಿಗೆ ಹಿಡಿದು ಅಳೆಯುತ್ತೇನೆ. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತವೆ ಬಿಡಿ.

ಶುರುವಿನಲ್ಲಿ ಎಲ್ಲರ ಹಾಗೆ ಕಹೂಟ್ ಅನ್ನುವ ಕ್ವಿಜ್ ಆ್ಯಪ್ ಆಡಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಫೋನ್ ಬೇಕು, ಇಲ್ಲ ಗುಂಪು ಮಾಡಬೇಕು. ಗುಂಪು ಮಾಡಿದರೆ ಚುರುಕಿನವನ ಕೈಗೆ ಫೋನ್ ಹೋಗುತ್ತದೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಮಾಮೂಲಿ ಆಟದಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಬೇರೆ. ಪ್ರಶ್ನೆಯನ್ನು ನಿಧಾನಕ್ಕೆ ಓದಿ ಯೋಚಿಸುವ ಹುಡುಗಿ ಕೊನೆಗೆ ಉಳಿಯುತ್ತಾಳೆ.

ಆಮೇಲೆ ಸಿಕ್ಕಿದ್ದು ಪ್ಲಿಕರ್ಸ್, ಇದೂ ಕ್ವಿಜ್ ಆ್ಯಪೇ. ಇಲ್ಲಿ ಫೋನ್ ನನ್ನದೊಂದೇ ಸಾಕು. ಮಕ್ಕಳ ಕೈಯಲ್ಲಿ ಕಾಗದದ ಕಾರ್ಡ್ ಇರುತ್ತದೆ. ಕಾರ್ಡಿನ ಮೇಲೆ ಕ್ಯೂಆರ್ ಕೋಡಿನ ಹಾಗೆ ಕಾಣುವ ಕಪ್ಪು ಚಿತ್ರ, ಒಬ್ಬೊಬ್ಬರದೂ ಬೇರೆ ಬೇರೆ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ. ಉತ್ತರ ಬಿ ಅನ್ನಿಸಿದರೆ ಬಿ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿಯಬೇಕು. ನಾನು ಫೋನ್ ಕ್ಯಾಮೆರಾವನ್ನು ಕ್ಲಾಸಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಆಡಿಸಿದರೆ ಯಾರು ಏನು ಹೇಳಿದರು ಅಂತ ಪರದೆ ಮೇಲೆ ಬರುತ್ತದೆ. ಅಕ್ಷರ ಚಿಕ್ಕದಾಗಿ ಅಚ್ಚಾಗಿರುವುದರಿಂದ ಪಕ್ಕದವನಿಗೆ ನೋಡಿ ಬರೆಯಲು ಆಗುವುದಿಲ್ಲ.

ಕಾರ್ಡಿನ ಪಿಡಿಎಫ್ ಉಚಿತ. 40 ಕಾರ್ಡಿನ ಸೆಟ್, ಹಾಳೆಗೆ ಎರಡರಂತೆ 20 ಹಾಳೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿದೆ. ಇಲ್ಲೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಬಾಳಿಕೆ ಬರಲಿ ಅಂತ ಮಿರಮಿರ ಮಿಂಚುವ ಲ್ಯಾಮಿನೇಷನ್ ಹಾಕಿಸಿದೆ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಪ್ರತಿಫಲಿಸಿ, ಒಂದು ಸಾಲಿನ ಮಕ್ಕಳ ಕಾರ್ಡ್ ಕ್ಯಾಮೆರಾಗೆ ಓದಲಿಕ್ಕೇ ಆಗಲಿಲ್ಲ. ಎರಡನೇ ಸಲ ಸುಮ್ನೆ ದಪ್ಪ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ, ಚೆನ್ನಾಗಿದೆ. ಹೆಬ್ಬೆರಳು ಚಿತ್ರದ ಮೇಲೆ ಬಂದರೂ ಓದುವುದಿಲ್ಲ. ಅಂಚು ಹಿಡಿಯಿರಿ, ಅಂಚು ಹಿಡಿಯಿರಿ ಅಂತ ಒಂದು ವಾರ ಕೂಗಬೇಕಾಯಿತು.

ಕೊರತೆ ಇಲ್ಲ ಅಂತಲ್ಲ. ಉಚಿತ ಖಾತೆಯಲ್ಲಿ ಒಂದು ಸೆಟ್ಟಿಗೆ 5 ಪ್ರಶ್ನೆ ಮಾತ್ರ. ಪಾಠಕ್ಕೆ ಎರಡು ಸೆಟ್ ಮಾಡಿಕೊಳ್ಳುತ್ತೇನೆ. ಇನ್ನೊಂದು ನಮ್ಮ ಕನ್ನಡದವರದೇ ತಲೆನೋವು. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯಿಂದ ಕಾಪಿ ಮಾಡಿ ಹಾಕಿದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಎಲ್ಲ ಫೋನ್, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸಿಯೇ ಹಾಕಬೇಕು. ಈಗ ಹೊಸ ಪ್ರಶ್ನೆಯನ್ನೆಲ್ಲ ಯೂನಿಕೋಡಿನಲ್ಲೇ ಟೈಪ್ ಮಾಡುತ್ತೇನೆ. ನೆಟ್ ಪೂರ್ತಿ ಸತ್ತ ದಿನ ಕಾರ್ಡ್ ಪಕ್ಕಕ್ಕಿಟ್ಟು, ಎದೆ ಹತ್ತಿರ ಬೆರಳು ತೋರಿಸಿ ಅನ್ನುತ್ತೇನೆ. ಒಂದು ಬೆರಳು ಎ, ಎರಡು ಬಿ. ಅದೂ ನಡೆಯುತ್ತದೆ!

ಇನ್ನು ಫೆಟ್, ಅಂದರೆ ವಿಜ್ಞಾನದ ಪ್ರಯೋಗವನ್ನು ಪರದೆಯ ಮೇಲೆಯೇ ಮಾಡಿ ನೋಡುವ ಆ್ಯಪ್. ಅದರ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾಗಿದ್ದು. ಶುರು ಮಾಡಿದ ಕಾರ್ಲ್ ವೀಮನ್ ಅದರ ಹಿಂದಿನ ವರ್ಷವಷ್ಟೇ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದವರು. ಅಂಥವರು ಮಕ್ಕಳ ಬ್ಯಾಟರಿ–ಬಲ್ಬಿನ ಬಗ್ಗೆ ತಲೆ ಕೆಡಿಸಿಕೊಂಡರಲ್ಲ ಅಂತ ನನಗೆ ಈಗಲೂ ಆಶ್ಚರ್ಯ. ಎಲ್ಲವೂ ಉಚಿತ, ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ನನಗೆ ಮುಖ್ಯವಾದ ಗುಣ ಬೇರೆ. ಎಚ್‌ಟಿಎಂಎಲ್ ಫೈಲನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ಮುಗಿಯಿತು, ಚಾರ್ಜ್ ಇರುವ ಲ್ಯಾಪ್‌ಟಾಪ್ ಇದ್ದರೆ ನೆಟ್ಟೂ ಬೇಡ, ಕರೆಂಟೂ ಬೇಡ.

ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠ ಮಾಡುವಾಗ ಮೊದಲು ಕಾರ್ಡ್ ಎತ್ತಿಸಿದೆ. ಸರಣಿ ಜೋಡಣೆಯಲ್ಲಿ ಎರಡನೇ ಬಲ್ಬಿಗೆ ಬರುವ ಪ್ರವಾಹ ಮೊದಲನೆಯದಕ್ಕಿಂತ ಕಡಿಮೆಯೋ, ಜಾಸ್ತಿಯೋ, ಸಮವೋ? ಅರ್ಧಕ್ಕಿಂತ ಜಾಸ್ತಿ ಕಾರ್ಡ್ 'ಕಡಿಮೆ' ಅಂದವು. ಮೊದಲ ಬಲ್ಬು ಸ್ವಲ್ಪ ತಿಂದುಬಿಡುತ್ತದಂತೆ. ಫೆಟ್ ತೆರೆದು ಒಬ್ಬ ಹುಡುಗನಿಗೇ ಮಂಡಲ ಜೋಡಿಸಲು ಹೇಳಿದೆ. ಬಲ್ಬಿನ ಹಿಂದೊಂದು ಅಮ್ಮೀಟರ್, ಮುಂದೊಂದು. ಎರಡರಲ್ಲೂ ಒಂದೇ ಅಂಕಿ. ಕ್ಲಾಸು ತಣ್ಣಗಾಯಿತು. ಹಿಂದಿನ ಬೆಂಚಿನಿಂದ ಒಬ್ಬಳು, "ಹಾಗಾದ್ರೆ ಬಲ್ಬು ತಿನ್ನೋದು ಏನನ್ನ ಮೇಡಂ?" ಅಂದಳು. ಶಕ್ತಿಯ ಪಾಠ ಅಲ್ಲಿಂದಲೇ ಶುರು ಮಾಡಿದೆ. ಆಮೇಲೆ ಅವರು ಬೇಕಂತಲೇ ಶಾರ್ಟ್ ಸರ್ಕ್ಯೂಟ್ ಮಾಡಿ ಪರದೆಯಲ್ಲಿ ಬ್ಯಾಟರಿಗೆ ಬೆಂಕಿ ಹಚ್ಚಿದ್ದು ಬೇರೆ ವಿಷಯ.

ಹಾಗಂತ ನಿಜವಾದ ಟಾರ್ಚ್ ಸೆಲ್ಲು, ಬಲ್ಬು ಕೈಗೆ ಕೊಡದೆ ಇರಬೇಡಿ. ನಿಜವಾದ ಸೆಲ್ಲಿನಲ್ಲಿ ಆಂತರಿಕ ರೋಧ, ಅಂದರೆ ಸೆಲ್ಲಿನೊಳಗೇ ಪ್ರವಾಹಕ್ಕೆ ಸ್ವಲ್ಪ ತಡೆ, ಇರುವುದರಿಂದ ಅಂಕಿ ಫೆಟ್‌ನಲ್ಲಿ ಬಂದದ್ದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಫೆಟ್‌ನಲ್ಲೂ ಆ ರೋಧವನ್ನು ಜಾಸ್ತಿ ಮಾಡುವ ಆಯ್ಕೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಸರ್ಕಾರದ ದೀಕ್ಷಾ ಆ್ಯಪ್ ಕೂಡ ಫೋನಿನಲ್ಲಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠವನ್ನು ಮೊದಲೇ ಇಳಿಸಿಕೊಳ್ಳಬಹುದು. ಕೆಲವು ವೀಡಿಯೊ ಚೆನ್ನಾಗಿವೆ, ಕೆಲವು ಬರೀ ಓದಿ ಹೇಳಿದ ಹಾಗಿವೆ.

ದುಡ್ಡು ಕೊಟ್ಟು ತಂದ ಆ್ಯಪ್ ಕಥೆಯನ್ನೂ ಹೇಳಬೇಕು. ಹೆಸರು ಬೇಡ. ದಾನಿಯೊಬ್ಬರು ವರ್ಷದ ಚಂದಾ ಕಟ್ಟಿಸಿಕೊಟ್ಟಿದ್ದರು. ಲಾಗಿನ್ ಆಗಲು ಪ್ರತಿ ಸಲ ಒಟಿಪಿ ಬೇಕು, ಅದು ಹೋಗುತ್ತಿದ್ದುದು ಹಿಂದಿನ ಹೆಡ್‌ಮಾಸ್ಟರ್ ನಂಬರಿಗೆ. ಅವರಿಗೆ ವರ್ಗ ಆಗಿತ್ತು. ಪಾಪ, ಪಾಠದ ಮಧ್ಯೆ ನನ್ನ ಫೋನ್ ಎತ್ತಿ ಆರು ಅಂಕಿ ಓದಿ ಹೇಳುತ್ತಿದ್ದರು. ನಂಬರ್ ಬದಲಾಯಿಸಿ ಅಂತ ಕಂಪನಿಗೆ ಬರೆದದ್ದಕ್ಕೆ ಉತ್ತರ ಬರುವಷ್ಟರಲ್ಲಿ ಚಂದಾ ಮುಗಿದಿತ್ತು.

ಈ ಜೂನಿಗೆ ಹೊಸ ಕಾರ್ಡ್ ಪ್ರಿಂಟ್ ಮಾಡಿಸಬೇಕು. 17ನೇ ನಂಬರಿನದು ಯಾರದೋ ಛತ್ರಿಯ ನೀರಿಗೆ ನೆನೆದು ಮುದ್ದೆಯಾಗಿದೆ.